ಕಣ್ಣಿದ್ದವರಿಗೆ ಕನಕಗಿರಿ, ಕಿವಿಯಿದ್ದವರಿಗೆ?

'ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು' ಎಂಬುದು ನಮ್ಮ ಸೀಮೆಯ ಹಳೆಯ ಗಾದೆ. ಹಂಪಿಯನ್ನು ನಡೆದು, ದಣಿದು ನೋಡಬೇಕು. ಕನಕಾಚಲಪತಿಯ ಗುಡಿಯಲ್ಲಾದರೋ ನಿಂತಲ್ಲೇ ನಿಂತು ಕಂಬಗಳನ್ನೂ ಗಾರೆಯ ಬೊಂಬೆಗಳನ್ನೂ ಕಣ್ತುಂಬಿಕೊಳ್ಳಬೇಕು ಎಂಬುದು ಅದರ ತಾತ್ಪರ್ಯ. ಕನಕಗಿರಿಯಲ್ಲಿ ಹುಟ್ಟಿ, ಸರಕಾರಿ ಸೇವೆಯಲ್ಲಿ ಮೂರು ದಶಕ ಊರೂರು ತಿರುಗಿ, ನಿವೃತ್ತನಾಗಿ ಮತ್ತೆ ಇಲ್ಲಿಗೇ ಬಂದು ನೆಲೆಸಿರುವ ನನಗೆ ಈ ಗಾದೆಯಲ್ಲಿ ಏನೋ ಒಂದು ಬಿಟ್ಟುಹೋಗಿದೆ ಎಂದು ಈಚೆಗೆ ಅನ್ನಿಸತೊಡಗಿದೆ. ಕಾಲಿಗೊಂದು ಊರಾಯಿತು, ಕಣ್ಣಿಗೊಂದು ಊರಾಯಿತು. ಕಿವಿಗೆ ಯಾವುದು?

ಈ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು ದೂರದ ಒಂದು ಸಾವಿನ ಸುದ್ದಿಯಿಂದ. 2025ರ ಸೆಪ್ಟೆಂಬರ್ 13ರಂದು ಬ್ರೆಜಿಲ್ ದೇಶದ ಸಂಗೀತಗಾರ ಎರ್ಮೆಟೊ ಪಾಸ್ಕೊವಾಲ್ ತಮ್ಮ 89ನೆಯ ವಯಸ್ಸಿನಲ್ಲಿ ರಿಯೊ ಡಿ ಜನೈರೊದಲ್ಲಿ ತೀರಿಕೊಂಡರು. ಪಿಯಾನೋ, ಅಕಾರ್ಡಿಯನ್, ಕೊಳಲು, ಸ್ಯಾಕ್ಸೊಫೋನ್ ಎಲ್ಲವನ್ನೂ ನುಡಿಸುತ್ತಿದ್ದ, ಸಾವಿರಾರು ಕೃತಿಗಳನ್ನು ರಚಿಸಿದ್ದ ಇವರು ಯಾವ ಸಂಗೀತ ಶಾಲೆಯ ಮೆಟ್ಟಿಲನ್ನೂ ಹತ್ತಿದವರಲ್ಲ, ತಾವೇ ಕಲಿತವರು. ಹೊರಊರಿನಲ್ಲಿರುವ ಮಗಳು ಅವರ ಒಂದೆರಡು ಧ್ವನಿಮುದ್ರಣಗಳನ್ನು ಕಳುಹಿಸಿಕೊಟ್ಟಳು. ಮೊದಲ ಸಲ ಕೇಳಿದಾಗ ಅರ್ಧಕ್ಕೇ ನಿಲ್ಲಿಸಿದೆ. ಮೂರನೆಯ ಸಲ ಕೇಳುವಾಗ, ಅಕಾರ್ಡಿಯನ್ನಿನ ಆ ಎಳೆದ ಸ್ವರದಲ್ಲಿ ನಮ್ಮೂರ ಭಜನೆಯ ಪೇಟಿ ಕೇಳಿಸಿದಂತಾಗಿ ಕುಳಿತುಬಿಟ್ಟೆ.

ಅರ್ಥಶಾಸ್ತ್ರದ ಎಂ.ಎ. ವಿದ್ಯಾರ್ಥಿಯಾಗಿದ್ದಾಗ ಬ್ರೆಜಿಲ್‌ನ ಈಶಾನ್ಯ ಭಾಗದ ಹೆಸರನ್ನು ನಾನು ಕೇಳಿದ್ದು ಬರ ಮತ್ತು ಹಿಂದುಳಿದಿರುವಿಕೆಯ ಪಾಠದಲ್ಲಿ. ಅದೇ ಭಾಗದಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ಸೆಲ್ಸೊ ಫುರ್ತಾದೊ ಅವರ ನೇತೃತ್ವದಲ್ಲಿ 1959ರಲ್ಲಿ ಆ ಪ್ರದೇಶಕ್ಕೆಂದೇ ಒಂದು ಅಭಿವೃದ್ಧಿ ಸಂಸ್ಥೆ ಸ್ಥಾಪನೆಯಾಗಿತ್ತು. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವ ಜನ, ಕೆಲವರ ಕೈಯಲ್ಲಿರುವ ಭೂಮಿ, ದಕ್ಷಿಣದ ಶ್ರೀಮಂತ ನಗರಗಳ ಮೇಲೆ ಅವಲಂಬನೆ. ಇದನ್ನು ಓದುವ ಕೊಪ್ಪಳದ ಹುಡುಗನಿಗೆ ಭೂಪಟ ಬೇಕಾಗಿರಲಿಲ್ಲ. ಮುಂದೆ 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 35 ಸೂಚಕಗಳನ್ನು ಹಿಡಿದು ರಾಜ್ಯದ ತಾಲ್ಲೂಕುಗಳನ್ನು ಅಳೆದಾಗ, ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿಯಲ್ಲಿ ನಮ್ಮ ಕುಷ್ಟಗಿ, ಯಲಬುರ್ಗಾ ಸೇರಿದ್ದವು. ಆ ವರದಿಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅಂಥ ನೆಲದಲ್ಲಿಯೂ ಯಾವುದು ಸಮೃದ್ಧವಾಗಿ ಬೆಳೆಯುತ್ತದೆ ಎಂಬುದನ್ನು ಅಳೆಯುವ ಸೂಚಕ ನಮ್ಮ ಶಾಸ್ತ್ರದಲ್ಲಿ ಇನ್ನೂ ಹುಟ್ಟಿಲ್ಲ.

ಎರ್ಮೆಟೊ ಹುಟ್ಟಿದ್ದು 1936ರ ಜೂನ್ 22ರಂದು, ಅಲಾಗೊವಾಸ್ ಪ್ರಾಂತ್ಯದ ಲಗೊವಾ ಡ ಕನೊವಾ ಎಂಬ, ವಿದ್ಯುತ್ತು ಕಾಣದ ಹಳ್ಳಿಯಲ್ಲಿ. ಸುತ್ತಲಿನದು ತಂಬಾಕು ಬೆಳೆಯುವ ಸೀಮೆ. ಮಗು ಹುಟ್ಟುತ್ತಲೇ ಚರ್ಮ, ಕೂದಲುಗಳಲ್ಲಿ ಬಣ್ಣವಿಲ್ಲದ್ದು, ದೃಷ್ಟಿಯೂ ಮಂದ. ಉರಿಬಿಸಿಲಿನ ಒಕ್ಕಲುತನದ ಮನೆಯಲ್ಲಿ ಬಿಸಿಲಿಗೆ ಹೋಗಲಾರದ ಮಗುವೆಂದರೆ ಏನೆಂಬುದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಹೊಲಕ್ಕೆ ಹೋಗದ ಹುಡುಗ ನೆರಳಿನಲ್ಲಿ ಉಳಿದ. ಆ ನೆರಳಿನಲ್ಲಿ ತಂದೆಯ ಚಿಕ್ಕ ಅಕಾರ್ಡಿಯನ್ ಇತ್ತು.

ಅದಕ್ಕೂ ಮೊದಲು ಅವರು ಔಡಲದ ದಂಟನ್ನೂ ಕುಂಬಳದ ದಂಟನ್ನೂ ಕೊರೆದು ಪೀಪಿ ಮಾಡಿ ಹಕ್ಕಿಗಳಿಗೆ ಉತ್ತರ ಕೊಡುತ್ತಿದ್ದರಂತೆ. ಅಜ್ಜ ಕಮ್ಮಾರ, ಕುಲುಮೆಯಲ್ಲಿ ಉಳಿದ ಕಬ್ಬಿಣದ ಚೂರುಗಳನ್ನು ಹಗ್ಗಕ್ಕೆ ತೂಗುಹಾಕಿ, ಒಂದೊಂದನ್ನೇ ತಟ್ಟಿ ಅದರ ಸ್ವರವನ್ನು ಕೇಳುತ್ತಿದ್ದರಂತೆ. ಏಳೆಂಟು ವರ್ಷಕ್ಕೆಲ್ಲ ಅಣ್ಣನೊಂದಿಗೆ ಮದುವೆ, ಹಬ್ಬಗಳಲ್ಲಿ ನುಡಿಸತೊಡಗಿದರು. ಆ ಭಾಗದ ಹಳ್ಳಿಗಳ ಕುಣಿತದ ಮೇಳಕ್ಕೆ ಅಕಾರ್ಡಿಯನ್, ಒಂದು ದೊಡ್ಡ ಚರ್ಮವಾದ್ಯ ಮತ್ತು ಕಬ್ಬಿಣದ ತ್ರಿಕೋನ ಇಷ್ಟಿದ್ದರೆ ಸಾಕು. ನಮ್ಮ ಭಜನೆಗೆ ಪೇಟಿ, ಡಗ್ಗಾ, ತಾಳ ಸಾಕಾಗುವ ಹಾಗೆ.

1950ರಲ್ಲಿ ಅವರು ರೆಸಿಫೆ ನಗರ ಸೇರಿದರು. ಅಲ್ಲಿನ ರೇಡಿಯೊ ಕೇಂದ್ರಗಳು ವಾದಕರನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದವು. ಆದರೆ ದೊಡ್ಡ ಕೇಂದ್ರವೊಂದು, ಈ ಹುಡುಗನಿಂದ ಸಂಗೀತ ಆಗದು ಎಂದು ಕಾರುವಾರು ಎಂಬ ಚಿಕ್ಕ ಊರಿನ ಕೇಂದ್ರಕ್ಕೆ ಸಾಗಹಾಕಿತು. ಸರಕಾರಿ ನೌಕರರಿಗೆ ಇಂಥ ವರ್ಗಾವಣೆಯ ಅರ್ಥ ಗೊತ್ತು. ಅಲ್ಲಿ ಮೂರು ವರ್ಷ ಕುಳಿತು ಅವರು ಅಕಾರ್ಡಿಯನ್ನಿನ ಮೇಲೆ ಕೈ ಪಳಗಿಸಿಕೊಂಡರು. ಪಿಯಾನೋ ಬಂದದ್ದು ಆಮೇಲೆ. ರೆಸಿಫೆಯ ರಾತ್ರಿ ಕ್ಲಬ್ಬಿನಲ್ಲಿ ನುಡಿಸಲು ಗಿಟಾರ್ ವಾದಕ ಎರಾಲ್ಡೊ ಡೊ ಮೊಂಟೆ ಕರೆದಾಗ, ಅಕಾರ್ಡಿಯನ್ನಿನ ಬಲಗೈ ಗೊತ್ತಿದ್ದ ಧೈರ್ಯದ ಮೇಲೆ ಕುಳಿತರು. ಕೆಲಸವೇ ಪಾಠವಾಯಿತು. 1958ರಲ್ಲಿ ರಿಯೊ, 1961ರಲ್ಲಿ ಸಾವೊ ಪಾವ್ಲೊ. 1967ರಲ್ಲಿ ನಾಲ್ವರ 'ಕ್ವಾರ್ತೆತೊ ನೊವೊ' ತಂಡದ ಧ್ವನಿಮುದ್ರಿಕೆ ಹೊರಬಂತು. ಈಶಾನ್ಯದ ಹಳ್ಳಿಗರ ಲಯವನ್ನು ಅವಮಾನವೆಂದು ತಿಳಿಯದೆ ಜಾಝ್‌ನ ಸ್ವರಮೇಳದೊಡನೆ ಕೂರಿಸಿದ್ದು ಆ ತಂಡದ ಹೆಚ್ಚುಗಾರಿಕೆ.

ಲ್ಯಾಟಿನ್ ಜಾಝ್ ಎಂದರೇನೆಂದು ಇಲ್ಲಿ ಎರಡು ಮಾತು ಹೇಳಬೇಕು. 1940ರ ದಶಕದ ನ್ಯೂಯಾರ್ಕಿನಲ್ಲಿ ಕ್ಯೂಬಾದಿಂದ ಬಂದ ಕಲಾವಿದರ ಲಯವೂ ಕಪ್ಪು ಅಮೆರಿಕನ್ನರ ಜಾಝ್ ಸಂಗೀತವೂ ಕೂಡಿ ಹುಟ್ಟಿದ ಪ್ರಕಾರ ಇದು. ಎರಡು ಕೋಲುಗಳನ್ನು ತಾಕಿಸಿ ಹಿಡಿಯುವ ಐದು ಪೆಟ್ಟಿನ ಆವರ್ತ ಅದರ ಬೆನ್ನೆಲುಬು. ಪಿಯಾನೋ ಆ ಆವರ್ತದ ಸುತ್ತ ಹೆಣೆಯುತ್ತ ಹೋಗುತ್ತದೆ. ಮುಂದೆ ಬ್ರೆಜಿಲ್‌ನ ಲಯಗಳೂ ಈ ಹೊಳೆಗೆ ಸೇರಿದವು. ಇದು ನಮಗೆ ತೀರ ಅಪರಿಚಿತವೇನಲ್ಲ. 1951ರ 'ಅಲ್ಬೇಲಾ' ಹಿಂದಿ ಚಿತ್ರದ ಹಾಡುಗಳಲ್ಲಿ ಸಿ. ರಾಮಚಂದ್ರ ಇದೇ ಬಗೆಯ ಲಯವನ್ನು ಬಳಸಿದ್ದರು. 1978ರ 'ಆಪರೇಷನ್ ಡೈಮಂಡ್ ರಾಕೆಟ್' ಚಿತ್ರದಲ್ಲಿ ಜಿ.ಕೆ. ವೆಂಕಟೇಶ್ ಸಂಗೀತಕ್ಕೆ ಡಾ. ರಾಜಕುಮಾರ್ ಹಾಡಿದ ಇಂಗ್ಲಿಷ್ ಹಾಡನ್ನು ಕೇಳಿ ಕುಣಿಯದ ಕನ್ನಡಿಗ ನನ್ನ ತಲೆಮಾರಿನಲ್ಲಿಲ್ಲ. ದೂರದ ಲಯ ನಮ್ಮ ಟೂರಿಂಗ್ ಟಾಕೀಸಿಗೆ ಬಂದಾಗ ಅದರ ಊರು ಯಾವುದೆಂದು ನಾವು ಕೇಳಿರಲಿಲ್ಲ. ಎರ್ಮೆಟೊ ಕೂಡ ಇಂಥ ಹಣೆಪಟ್ಟಿಗಳನ್ನು ಒಪ್ಪುತ್ತಿರಲಿಲ್ಲ. ತಮ್ಮದನ್ನು 'ವಿಶ್ವಸಂಗೀತ' ಎಂದಷ್ಟೇ ಕರೆಯುತ್ತಿದ್ದರು.

1970ರಲ್ಲಿ ಅಮೆರಿಕದಲ್ಲಿದ್ದಾಗ, ಆ ಕಾಲದ ಜಾಝ್ ದಿಗ್ಗಜ ಮೈಲ್ಸ್ ಡೇವಿಸ್ ಅವರೊಡನೆ ಧ್ವನಿಮುದ್ರಣದ ಅವಕಾಶ ದೊರಕಿತು. 1971ರಲ್ಲಿ ಹೊರಬಂದ 'ಲೈವ್-ಈವಿಲ್' ಎಂಬ ಜೋಡಿ ಧ್ವನಿಮುದ್ರಿಕೆಯಲ್ಲಿ ಎರ್ಮೆಟೊ ಅವರ ರಚನೆಗಳಿದ್ದವು. ಆದರೆ ಮೊದಲ ಮುದ್ರಣದ ಹೊದಿಕೆಯ ಮೇಲೆ ಅವು ಮೈಲ್ಸ್ ಅವರ ಹೆಸರಿನಲ್ಲೇ ಅಚ್ಚಾದವು. ಬರೆದವನಿಗೆ ಹೆಸರು ಸೇರಿದ್ದು ತಡವಾಗಿ. ಬಡ ಪ್ರದೇಶದ ಪ್ರತಿಭೆ ಶ್ರೀಮಂತ ಮಾರುಕಟ್ಟೆಗೆ ಕಾಲಿಟ್ಟಾಗ ಏನಾಗಬಹುದು ಎಂಬುದಕ್ಕೆ ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ವಿರಳ.

ಇನ್ನೊಬ್ಬರಾಗಿದ್ದರೆ ನ್ಯೂಯಾರ್ಕಿನಲ್ಲಿ ಬೇರೂರುತ್ತಿದ್ದರೇನೋ. ಅವರು ಬ್ರೆಜಿಲ್‌ಗೆ ಮರಳಿದರು. 1977ರ 'ಸ್ಲೇವ್ಸ್ ಮಾಸ್' ಮುದ್ರಿಕೆಯಲ್ಲಿ ಜೀವಂತ ಹಂದಿಮರಿಗಳ ದನಿಯನ್ನು ಸೇರಿಸಿ ಜಗತ್ತನ್ನು ಬೆರಗುಗೊಳಿಸಿದರು. ಕುದಿಸುವ ಕೆಟಲ್ಲು, ಮಕ್ಕಳ ಆಟಿಕೆ, ನೀರು ತುಂಬಿದ ಬಾಟಲಿ, ಮನುಷ್ಯರ ಮಾತು ಎಲ್ಲವೂ ಅವರಿಗೆ ಸ್ವರವೇ. ಜನ ಅವರನ್ನು 'ಮಾಂತ್ರಿಕ' ಎಂದು ಕರೆದರು. ನನಗೆ ಅದಕ್ಕಿಂತ ಹೆಚ್ಚು ಮುಖ್ಯವಾಗಿ ಕಂಡದ್ದು 1981ರಿಂದ ಹನ್ನೆರಡು ವರ್ಷಗಳ ಕಾಲ ನಡೆದ ಸಂಗತಿ. ರಿಯೊದ ಹೊರವಲಯದ ಜಬೂರ್ ಬಡಾವಣೆಯ ತಮ್ಮ ಮನೆಯಲ್ಲಿ ಅವರು ಕಿರಿಯ ವಾದಕರ ಗುಂಪೊಂದನ್ನು ಕಟ್ಟಿಕೊಂಡು ದಿನವೂ ಗಂಟೆಗಟ್ಟಲೆ ತಾಲೀಮು ನಡೆಸಿದರು. ಗುರುವಿಲ್ಲದೆ ಕಲಿತವರು ತಾವೇ ಒಂದು ಗುರುಕುಲವಾದರು. 1984ರಲ್ಲಿ ಬಂದ ಮುದ್ರಿಕೆಗೆ ಅವರು ಇಟ್ಟ ಹೆಸರು, 'ಲಗೊವಾ ಡ ಕನೊವಾ, ಅರಪಿರಾಕಾ ಪುರಸಭೆ'. ಅಂಚೆ ವಿಳಾಸದಂತಿರುವ ಹೆಸರು. 'ಸಾ. ಕನಕಗಿರಿ, ತಾ. ಗಂಗಾವತಿ' ಎಂದು ಧ್ವನಿಮುದ್ರಿಕೆಗೆ ಹೆಸರಿಟ್ಟಂತೆ!

1996ರ ಜೂನ್ 23ರಿಂದ ಒಂದು ವರ್ಷ ದಿನಕ್ಕೊಂದರಂತೆ ರಚನೆ ಮಾಡಿದರು. ಜಗತ್ತಿನ ಪ್ರತಿಯೊಬ್ಬರಿಗೂ ಹುಟ್ಟುಹಬ್ಬದ ಒಂದು ಸಂಗೀತ ಇರಲಿ ಎಂಬುದು ಉದ್ದೇಶ. ಫೆಬ್ರುವರಿ 29ರಂದು ಹುಟ್ಟಿದವರನ್ನೂ ಮರೆಯದೆ ಒಟ್ಟು 366 ರಚನೆಗಳು. 2008ರ ನವೆಂಬರ್‌ನಲ್ಲಿ ಕೈಬರಹದ ಒಂದು ಹೇಳಿಕೆ ಬರೆದು, ತಮ್ಮ ರಚನೆಗಳನ್ನು ಯಾವ ದೇಶದ ಸಂಗೀತಗಾರರಾದರೂ ಮುದ್ರಿಸಿಕೊಳ್ಳಬಹುದೆಂದು ಬಿಟ್ಟುಕೊಟ್ಟರು. ಒಮ್ಮೆ ಹೆಸರನ್ನೇ ಕಳೆದುಕೊಂಡಿದ್ದ ಮನುಷ್ಯ, ಹಕ್ಕನ್ನು ಬಿಗಿಮಾಡಿಕೊಳ್ಳುವ ಬದಲು ಬಾಗಿಲು ತೆರೆದಿಟ್ಟರು. 2018ರಲ್ಲಿ 'ನತುರೇಝಾ ಯೂನಿವರ್ಸಲ್' ಎಂಬ ಮುದ್ರಿಕೆಗೆ ಲ್ಯಾಟಿನ್ ಜಾಝ್ ವಿಭಾಗದ ಲ್ಯಾಟಿನ್ ಗ್ರ್ಯಾಮಿ ಪ್ರಶಸ್ತಿ ಬಂತು. 2023ರಲ್ಲಿ ನ್ಯೂಯಾರ್ಕಿನ ಪ್ರಖ್ಯಾತ ಜೂಲಿಯರ್ಡ್ ಸಂಗೀತ ವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಶಾಲೆಗೆ ಹೋಗದವರನ್ನು ಶಾಲೆಯೇ ಬಂದು ಸೇರಿಕೊಂಡಂತಾಯಿತು.

ಇಷ್ಟನ್ನು ಓದಿ ತಿಳಿದ ಮೇಲೆ ನನ್ನ ಮನಸ್ಸು ಹೋದದ್ದು ಕೊಪ್ಪಳದಿಂದ ರೈಲಿನಲ್ಲಿ ಒಂದು ತಾಸಿನ ದಾರಿಯಾದ ಗದುಗಿಗೆ. ಪಂಡಿತ ಪುಟ್ಟರಾಜ ಗವಾಯಿಗಳ ಬಾಲ್ಯವೂ ಹೀಗೆಯೇ ಆರಂಭವಾಗುತ್ತದೆ. 1914ರಲ್ಲಿ ಹಾನಗಲ್ ತಾಲ್ಲೂಕಿನ ದೇವಗಿರಿಯಲ್ಲಿ ಹುಟ್ಟಿ, ಹಸುಗೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡ ಮಗು, ಸೋದರಮಾವನ ಪೇಟಿಯ ಮೇಲೆ ತಾನಾಗಿಯೇ ಸ್ವರ ಹಿಡಿಯುತ್ತಿತ್ತು. ಅದನ್ನು ಕೇಳಿದ ಮಾವ ಹುಡುಗನನ್ನು ಪಂಚಾಕ್ಷರಿ ಗವಾಯಿಗಳಿಗೆ ಒಪ್ಪಿಸಿದರು. ಗವಾಯಿಗಳೂ ಅಂಧರು, ಹಾನಗಲ್ಲ ಕುಮಾರಸ್ವಾಮಿಗಳು ಗುರುತಿಸಿ ಬೆಳೆಸಿದವರು. ವೀರೇಶ್ವರ ಪುಣ್ಯಾಶ್ರಮದ ಅನ್ನ ಮತ್ತು ಅಕ್ಷರ ದೊರಕಿತು. ಆಶ್ರಮ ನಡೆಸುವ ಹಣಕ್ಕಾಗಿ ನಾಟಕ ಕಂಪನಿಯನ್ನೂ ಕಟ್ಟಿ ಊರೂರು ತಿರುಗಿದ ಪುಟ್ಟರಾಜರು, ಪದ್ಮಭೂಷಣ ಬಂದ ವರ್ಷವೇ, 2010ರ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾದರು.

ಒಬ್ಬರಿಗೆ ಗುರು ಸಿಕ್ಕರು, ಇನ್ನೊಬ್ಬರಿಗೆ ಸಿಗಲಿಲ್ಲ. ಆದರೆ ಇಬ್ಬರ ಕಥೆಯಲ್ಲಿಯೂ ಸಮಾನವಾದದ್ದೊಂದಿದೆ. ಮನೆಯಲ್ಲಿ ಕೈಗೆಟುಕುವಂತೆ ಒಂದು ವಾದ್ಯವಿತ್ತು. ಮಗು ಮುಟ್ಟಿದಾಗ ಯಾರೂ ಬೈಯಲಿಲ್ಲ. ಕೇಳುವ ಕಿವಿಯೊಂದು ಹತ್ತಿರದಲ್ಲಿತ್ತು. ನುಡಿಸಿದರೆ ಊಟ ಹುಟ್ಟುವ ತಾಣಗಳಿದ್ದವು. ಅಲ್ಲಿ ಮದುವೆ, ರೇಡಿಯೊ, ಕ್ಲಬ್ಬು. ಇಲ್ಲಿ ಜಾತ್ರೆ, ಮಠ, ಕಂಪನಿ ನಾಟಕ. 'ಸ್ವಯಂ ಕಲಿತವರು' ಎಂಬ ಮಾತನ್ನು ನಾವು ಒಂಟಿ ಸಾಹಸವೆಂಬಂತೆ ಬಳಸುತ್ತೇವೆ. ಯಾರೂ ಒಂಟಿಯಾಗಿ ಕಲಿಯುವುದಿಲ್ಲ. ಪಾಠ ಹೇಳುವವರಿಲ್ಲದೆ ಕಲಿಯಬಹುದು, ಕೇಳುವವರಿಲ್ಲದೆ ಕಲಿಯಲಾಗದು.

ಅಕಾರ್ಡಿಯನ್ನೂ ಪೇಟಿಯೂ ಒಂದೇ ಬಳ್ಳಿಯ ಕಾಯಿಗಳು. ತಿದಿಯಿಂದ ಬರುವ ಗಾಳಿ ಲೋಹದ ನಾಲಿಗೆಯನ್ನು ಅಲುಗಿಸಿ ಸ್ವರ ಹುಟ್ಟಿಸುವುದು ಎರಡರಲ್ಲೂ ಒಂದೇ ತತ್ವ. ಯೂರೋಪಿನಲ್ಲಿ 19ನೆಯ ಶತಮಾನದಲ್ಲಿ ಹುಟ್ಟಿದ ಇವುಗಳಲ್ಲಿ ಒಂದು ಬ್ರೆಜಿಲ್‌ನ ಹಳ್ಳಿಗೆ, ಇನ್ನೊಂದು ಕಲ್ಕತ್ತೆಯಲ್ಲಿ ಕೈಪೇಟಿಯ ರೂಪ ತಾಳಿ ನಮ್ಮ ಹಳ್ಳಿಗೆ ಬಂದವು. ನಮ್ಮಲ್ಲಿ ಇದು ಪರಕೀಯ ವಾದ್ಯ, ಗಮಕ ಒಲ್ಲದ ವಾದ್ಯ ಎಂದು ಪಂಡಿತರು ದೂರಿದರು. 1940ರಿಂದ ಮೂರು ದಶಕಗಳ ಕಾಲ ಆಕಾಶವಾಣಿ ಅದನ್ನು ಹೊರಗಿಟ್ಟಿತ್ತು. ಆ ನಿಷೇಧ ನಡೆದಿದ್ದ ಕಾಲದಲ್ಲಿಯೂ ಕುಷ್ಟಗಿ, ಯಲಬುರ್ಗಾ ಭಾಗದ ಜಾತ್ರೆಗಳಲ್ಲಿ ಬೆಳಗಿನವರೆಗೆ ನಾಟಕವನ್ನು ಎತ್ತಿಹಿಡಿದದ್ದು ಪೇಟಿ ಮಾಸ್ತರರೇ. ನಟನ ಶ್ರುತಿ ತಪ್ಪಿದರೆ ಸಾವರಿಸಿ, ಮರೆತ ಮಾತನ್ನು ನೆನಪಿಸಿ, ಹೊಸ ಹಾಡಿಗೆ ಧಾಟಿ ಕಟ್ಟುತ್ತಿದ್ದ ಅವರಲ್ಲಿ ಎಷ್ಟೋ ಮಂದಿ ಯಾವ ಪರೀಕ್ಷೆಯನ್ನೂ ಕಟ್ಟಿದವರಲ್ಲ.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ಸೇವೆಯಲ್ಲಿದ್ದಾಗ, ಯಾವ ಕಚೇರಿ, ಯಾವ ವರ್ಷ ಎಂಬುದು ಇಲ್ಲಿ ಬೇಡ, ಕಲಾವಿದರಿಗೆ ನೆರವು ನೀಡುವ ಅರ್ಜಿಗಳು ನನ್ನ ಮೇಜಿಗೆ ಬರುತ್ತಿದ್ದವು. ಒಬ್ಬ ಮುದುಕರು, ಕಂಪನಿಗಳಲ್ಲಿ ಪೇಟಿ ನುಡಿಸಿದವರು, ಅರ್ಜಿ ಹಿಡಿದು ಬಂದರು. ತರಬೇತಿಯ ವಿವರ, ಪ್ರಮಾಣಪತ್ರ ಎಂಬ ಕಲಮುಗಳು ಖಾಲಿಯಿದ್ದವು. ಗುರುಗಳು ಯಾರೆಂದು ಕೇಳಿದೆ. "ಗುರು ಅಂತ ಯಾರೂ ಇಲ್ರೀ ಸಾಹೇಬ್ರ. ಕೇಳಿ ಕೇಳಿ ಬಂದದ್ದರಿ. ಪೇಟಿ ತಂದೀನಿ, ಒಂದೀಟು ಬಾರಿಸ್ಲೇನ್ರಿ?" ಎಂದರು. ಹೊರಗೆ ಸಭೆಗೆ ಬಂದವರು ಕಾಯುತ್ತಿದ್ದರು. ಬೇಡ ಯಜಮಾನರೇ, ದಾಖಲೆ ತಂದು ಕೊಡಿ, ನೋಡೋಣ ಎಂದೆ. ಕಡತದ ಮೇಲೆ 'ಪೂರಕ ದಾಖಲೆಗಳೊಂದಿಗೆ ಮರುಸಲ್ಲಿಸಲು ಹಿಂದಿರುಗಿಸಿದೆ' ಎಂದು ಬರೆದು ಸಹಿ ಹಾಕಿದೆ. ಅವರು ಮತ್ತೆ ಬರಲಿಲ್ಲ.

ನಿಯಮದ ಪ್ರಕಾರ ನಾನು ಮಾಡಿದ್ದು ಸರಿಯೇ ಇತ್ತು. ನಿಯಮಗಳು ಬೇಡವೆಂದು ಹೇಳುವಷ್ಟು ಅಮಾಯಕನೂ ನಾನಲ್ಲ. ಅವಿಲ್ಲದಿದ್ದರೆ ನೆರವಿನ ಹಣ ಯಾರ ಜೇಬು ಸೇರುತ್ತದೆಂಬುದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಹತ್ತು ನಿಮಿಷ ಕೇಳಿದ್ದರೆ ತಿಳಿಯಬಹುದಾಗಿದ್ದ ಸತ್ಯವನ್ನು ನಾನು ಕಾಗದದಲ್ಲಿ ಹುಡುಕಿದೆ. ಜೂಲಿಯರ್ಡ್ ವಿದ್ಯಾಲಯ ಎರ್ಮೆಟೊ ಅವರಿಗೆ ಪದವಿ ನೀಡುವಾಗ ಜೂನಿಯರ್, ಸೀನಿಯರ್ ಪರೀಕ್ಷೆಯ ಅಂಕಪಟ್ಟಿ ಕೇಳಿರಲಾರದು.

ಪರಿಹಾರ ಅಸಾಧ್ಯವೇನಲ್ಲ, ಹೊಸದೂ ಅಲ್ಲ. ಸರಕಾರಿ ವ್ಯವಸ್ಥೆಯೊಳಗೇ ಬೆಳೆದ ಆಕಾಶವಾಣಿಯ ಧ್ವನಿಪರೀಕ್ಷೆಯ ಪದ್ಧತಿ ಕಲಾವಿದನ ಪದವಿಯನ್ನಲ್ಲ, ಅವನ ದನಿಯನ್ನು ತೂಗಿ ಶ್ರೇಣಿ ನೀಡುತ್ತ ಬಂದಿದೆ. ಕಲಾವಿದರ ನೆರವಿನ ವಿಷಯದಲ್ಲಿಯೂ ದಾಖಲೆಯಿಲ್ಲದವರಿಗೆ ಇಂಥ ಒಂದು ದಾರಿ ತೆರೆದಿರಬೇಕು. ವರ್ಷಕ್ಕೆ ಒಂದೆರಡು ದಿನ ತಾಲ್ಲೂಕು ಕೇಂದ್ರದಲ್ಲಿ ಬಲ್ಲವರಿಬ್ಬರು ಕುಳಿತು ಕೇಳಿದರೆ ಸಾಕು; ಅವರ ಸಹಿಯೇ ದಾಖಲೆ. ಎರಡನೆಯದು, ಶಾಲೆಗಳಲ್ಲಿ ವಾದ್ಯಗಳನ್ನು ಬೀರುವಿನಿಂದ ಹೊರಗೆ ತರುವುದು. ಕೊಪ್ಪಳ ಸೀಮೆಯ ಪ್ರತಿ ಪ್ರೌಢಶಾಲೆಯಲ್ಲಿ ಮಕ್ಕಳು ಹೆದರದೆ ಮುಟ್ಟಬಹುದಾದ ಒಂದು ಪೇಟಿ, ಒಂದು ಜೋಡಿ ತಬಲಾ ಇರಲಿ. ಮುರಿದರೆ ಮುರಿಯಲಿ. ಸರಕಾರದ ಖರ್ಚಿನಲ್ಲಿ ಮುರಿದುಹೋದ ವಸ್ತುಗಳ ಪಟ್ಟಿಯನ್ನು ನಾನು ಬಹಳ ನೋಡಿದ್ದೇನೆ. ಇದಕ್ಕಿಂತ ಲಾಭದ ಮುರಿತ ಅದರಲ್ಲಿರಲಿಲ್ಲ. ಮೂರನೆಯದು ನಮ್ಮ ನಿಮ್ಮ ಕೆಲಸ. ಉತ್ಸವಗಳಿಗೆ ದೂರದ ಖ್ಯಾತನಾಮರನ್ನು ಕರೆಸುವಾಗ, ಊರಿನ ಪೇಟಿಯವರಿಗೂ ವೇದಿಕೆಯ ಮೇಲೆ ಅರ್ಧ ತಾಸು, ತಕ್ಕ ಸಂಭಾವನೆಯೊಂದಿಗೆ, ಮೀಸಲಿಡುವುದು.

ಮೊನ್ನೆ ಸಂಜೆ ಗುಡಿಯ ಕಡೆಗೆ ನಡೆದುಹೋಗುವಾಗ ಓಣಿಯ ಒಂದು ಮನೆಯಲ್ಲಿ ಯಾರೋ ಪೇಟಿ ಕಲಿಯುತ್ತಿದ್ದರು. ಒಂದೇ ಸಾಲು, ಮತ್ತೆ ಮತ್ತೆ, ಪ್ರತಿ ಸಲವೂ ಅದೇ ಜಾಗದಲ್ಲಿ ತಪ್ಪುತ್ತಿತ್ತು. ಒಳಗಿನಿಂದ ಯಾವ ಗುರುವಿನ ದನಿಯೂ ಕೇಳಲಿಲ್ಲ. ನಾನು ಎದುರಿನ ಕಟ್ಟೆಯ ಮೇಲೆ ಕುಳಿತೆ. ಕತ್ತಲಾಗುವವರೆಗೆ ಕೇಳಿದೆ.